ಒಳಗೆ ಮಡಿಸಿದ ಒಂದು ಇಂಚು

ಮಧ್ಯಾಹ್ನ ಮೂರಕ್ಕೆ ಹಿಡಿದ ಮಳೆ ಐದಾದರೂ ಬಿಡುವ ಲಕ್ಷಣ ಕಾಣಿಸಲಿಲ್ಲ. ಫೋಟೊಗಳಿಗೆ ಕಟ್ಟು ಹಾಕಿಕೊಡುವ ಆ ಸಣ್ಣ ಅಂಗಡಿಯಲ್ಲಿ ನಾವು ಮೂವರು ಸಿಕ್ಕಿಬಿದ್ದಿದ್ದೆವು. ಶಾಲೆಯೊಂದರ ಗುಮಾಸ್ತನಾದ ನಾನು ಮಗಳ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಲು ಬಂದಿದ್ದೆ. ನರ್ಸಮ್ಮನೊಬ್ಬರು ತಮ್ಮ ತಂದೆತಾಯಿಯ ಫೋಟೊ ತಂದಿದ್ದರು. ಮೂರನೆಯವನು ವಿಮೆ ಏಜೆಂಟ್. ಅವನು ಬಂದದ್ದು ಬರೀ ಮಳೆ ತಪ್ಪಿಸಿಕೊಳ್ಳಲು. ಆದರೆ ಸುಮ್ಮನೆ ನಿಲ್ಲಲು ಸಂಕೋಚವಾಗಿ ಗೋಡೆಯ ಮೇಲಿದ್ದ ಒಂದೊಂದೇ ಚೌಕಟ್ಟಿನ ಬೆಲೆ ಕೇಳುತ್ತಿದ್ದ. ಅಂಗಡಿ ನಡೆಸುವ ಹುಡುಗಿ ಗಾಜು ಕೊಯ್ಯುತ್ತಾ ಉತ್ತರಿಸುತ್ತಿದ್ದಳು. ಮೂಲೆಯ ಎತ್ತರದ ಸ್ಟೂಲಿನ ಮೇಲೆ ಅವಳ ಅಜ್ಜ ಕೂತು, ಸೊಟ್ಟಗಾದ ಹಳೆಯ ಮೊಳೆಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ತಟ್ಟಿ ನೆಟ್ಟಗೆ ಮಾಡುತ್ತಿದ್ದರು.

ಗೋಡೆಯ ಮೇಲೆ ಒಂದು ನವ್ಯಚಿತ್ರದ ಅಚ್ಚು ತೂಗುತ್ತಿತ್ತು. ನಾಲ್ಕು ಬಣ್ಣದ ಚೌಕಗಳು, ಅವುಗಳ ಮೇಲೊಂದು ಗೀಟು. ಏಜೆಂಟ್ ಅದನ್ನು ನೋಡಿ ನಕ್ಕ. "ಇಂಥದ್ದನ್ನ ನಮ್ಮನೆ ಮಗುವೂ ಬರೆಯುತ್ತೆ ಬಿಡಿ" ಎಂದ.

ಸುತ್ತಿಗೆಯ ಸದ್ದು ನಿಂತಿತು.

"ಬರೆಯುತ್ತೆ, ಇಲ್ಲ ಅನ್ನಲ್ಲ" ಎಂದರು ಮುದುಕರು. "ಬರೆದು, ಸತ್ತು, ಅದರೊಳಗೇ ಸಿಕ್ಕಿಹಾಕ್ಕೊಂಡು ನಾಲ್ಕು ವರ್ಷ ಕೂರುತ್ತಾ, ನಿಮ್ಮನೆ ಮಗು?"

ಮೊಮ್ಮಗಳು ಗಾಜಿನಿಂದ ತಲೆಯೆತ್ತದೆ ಹೇಳಿದಳು, "ಶುರುವಾಯ್ತು. ಎಲ್ಲರೂ ಕೂತ್ಕೊಳ್ಳಿ, ಇದು ಮಳೆಗಿಂತ ಉದ್ದ." ನರ್ಸಮ್ಮ ಆಗಲೇ ಮರದ ಪೆಟ್ಟಿಗೆಯೊಂದನ್ನು ಎಳೆದುಕೊಂಡು ಕೂತಾಗಿತ್ತು. ನಾವಿಬ್ಬರೂ ಕೂತೆವು. ಮುದುಕರು ಕೈಲಿದ್ದ ಮೊಳೆಯನ್ನು ಒಂದು ಕಣ್ಣು ಮುಚ್ಚಿ ನೋಡಿ, ಡಬ್ಬಿಗೆ ಹಾಕಿ, ಶುರುಮಾಡಿದರು.

"ನನಗಾಗ ಇಪ್ಪತ್ತೆರಡು. ಹೊಸದಾಗಿ ಚಿತ್ರಶಾಲೆ ಕಟ್ಟಿದ್ರು, ದೊಡ್ಡ ದೊಡ್ಡ ಕಿಟಕಿ, ಕನ್ನಡಿ ಹಾಗೆ ಹೊಳೆಯೋ ನೆಲ, ಮೇಲೆ ಎಲ್ಲ ವೈಭೋಗ... ಕೆಳಗೆ ನೆಲಮಾಳಿಗೆಯಲ್ಲಿ ನಾವು. ನಾವು ಅಂದ್ರೆ ನಾನು, ನಮ್ಮ ಸೋದರಮಾವ, ಒಂದು ಅಂಟಿನ ಡಬ್ಬಿ. ಚಿತ್ರಗಳಿಗೆ ಚೌಕಟ್ಟು ಕಟ್ಟೋದು ನಮ್ಮ ಕೆಲಸ. ನಮ್ಮ ಮಾವನ ಹತ್ರ ಒಂದು ಅಳತೆ ಟೇಪಿತ್ತು, ಅದಕ್ಕೆ ಮೊದಲನೇ ಇಂಚೇ ಇರಲಿಲ್ಲ. ಯಾವತ್ತೋ ಗರಗಸಕ್ಕೆ ಸಿಕ್ಕಿ ತುಂಡಾಗಿತ್ತು. ಹೊಸದು ತಗೊಳ್ಳೋಣ ಮಾವ ಅಂದ್ರೆ, ಮಿಕ್ಕಿದ ನೂರಾ ಹತ್ತೊಂಬತ್ತು ಇಂಚು ಏನು ತಪ್ಪು ಮಾಡಿವೆ ಅನ್ನೋರು. ಹಾಗಾಗಿ ನಮ್ಮ ಕೋಣೆಯ ಪದ್ಧತಿ ಏನಪ್ಪಾ ಅಂದ್ರೆ, ಅಳೆದಾಗ ಎಷ್ಟು ಬರುತ್ತೋ ಅದರಲ್ಲಿ ಒಂದು ಕಳೀಬೇಕು. ಎಂಬತ್ತೈದು ಬಂತಾ, ಎಂಬತ್ತನಾಲ್ಕು ಬರ್ಕೋ. ಹದಿನಾರಕ್ಕೇ ಮಾವನ ಕೈಕೆಳಗೆ ಸೇರಿದವನು ನಾನು, ಆರು ವರ್ಷ ಹಾಗೆ ಕಳೆದೂ ಕಳೆದೂ ಅದು ರಕ್ತಕ್ಕೇ ಇಳಿದುಬಿಟ್ಟಿತ್ತು. ನಮ್ಮ ಮಾವ ವಯಸ್ಸು ಕೇಳಿದ್ರೂ ಒಂದು ಕಳೆದೇ ಹೇಳೋರು.

"ಒಂದು ದಿನ ಮಾವನಿಗೆ ಹಲ್ಲುನೋವು, ರಜಾ. ಟೇಪು ಅವರ ಜೇಬಲ್ಲಿ. ನಾನು ಮೇಲೆ ಹೋಗಿ ಉಗ್ರಾಣದವನ ಹತ್ರ ಕೇಳ್ದೆ, ಅವನು ಹೊಚ್ಚ ಹೊಸ ಸ್ಟೀಲ್ ಟೇಪು ಕೊಟ್ಟ. ಅದೇ ಹೊತ್ತಿಗೆ ಟೀಚರಮ್ಮ ಬಂದ್ರು. ಹೆಣ್ಣುಮಕ್ಕಳ ಶಾಲೇಲಿ ಡ್ರಾಯಿಂಗ್ ಟೀಚರು ಅವರು, ದರ್ಜಿ ಅಂಗಡಿಯ ಮೇಲೊಂದು ಬಾಡಿಗೆ ಕೋಣೆ, ಒಂಟಿ ಜೀವ. ಮಕ್ಕಳಿಗೆ ಮಾವಿನಹಣ್ಣು ಹೂಕುಂಡ ಹೇಳಿಕೊಟ್ಟು ಬಂದು, ಸಂಜೆ ಗೋಡೆಗೆ ಬಟ್ಟೆ ಬಿಗಿದು ಇಂಥ ಚಿತ್ರ ಬರೆಯೋರು. ಆಗಿನ ಕಾಲದಲ್ಲಿ ಇಂಥದ್ದನ್ನ ಬರೆದ್ರೆ ಜನ ಬೆನ್ನ ಹಿಂದೆ ನಗ್ತಿದ್ರು. ಅವರ ಎದುರಿಗೂ ನಗ್ತಿದ್ರು ಬಿಡಿ. ನಮ್ಮಲ್ಲಿ ನಡೆಯೋ ಪ್ರದರ್ಶನಕ್ಕೆ ಅಂತ ಕೈಗಾಡಿ ಮೇಲೆ ಆಳುದ್ದದ ಸುರುಳಿ ಹಾಕ್ಕೊಂಡು ಬಂದ್ರು. ನೆಲದ ಮೇಲೆ ಬಿಚ್ಚಿದೆ... ಏನಿತ್ತು ಅಂತೀರಾ? ಕಪ್ಪು. ನೀಲಿಗಪ್ಪು, ಕಂದುಗಪ್ಪು, ಬರೀ ಕಪ್ಪು, ತಳ ಹತ್ತಿದ ಪಾತ್ರೆ ಹಾಗೆ. ಬಲಗಡೆ ತುದೀಲಿ ಮಾತ್ರ ಮೇಲಿಂದ ಕೆಳಗಿನ ತನಕ ಒಂದಿಂಚು ಅಗಲದ ಹಳದಿ ಪಟ್ಟಿ. ಅದರಾಚೆಗೆ ಮೊಳೆ ಹೊಡೆಯೋಕೆ ಅಂತ ಖಾಲಿ ಬಟ್ಟೆ. ಬಲಗಡೆ ಅಂಚು ಜೋಪಾನ ಕಣಪ್ಪಾ, ಅಂದ್ರು. ಹೂಂ ಅಂದೆ. ಎಲ್ಲರೂ ಜೋಪಾನ ಅಂತಾರೆ, ಎಲ್ಲರಿಗೂ ಹೂಂ ಅಂತೀವಿ, ಅಲ್ವಾ?

"ಅಳೆದೆ. ಅಗಲ ಎಂಬತ್ನಾಲ್ಕು, ಎತ್ತರ ಅರವತ್ತು. ಕೈ ತಾನಾಗೇ ಬರ್ಕೊಂಡಿತು... ಎಂಬತ್ಮೂರು, ಐವತ್ತೊಂಬತ್ತು."

ಮೊಮ್ಮಗಳು ಕಿಸಕ್ಕೆಂದಳು. ಎಷ್ಟು ಸಲ ಕೇಳಿದ್ದಳೋ, ಈ ಜಾಗದಲ್ಲಿ ಅವಳಿಗೆ ನಗು ತಡೆಯಲಾಗುವುದಿಲ್ಲವೆಂದು ಕಾಣುತ್ತದೆ.

"ನಗು ತಾಯಿ, ನಗು. ಮರ ಎಲ್ಲಾ ಕೊಯ್ದು, ಕೂಡಿಸಿ, ಒಳಚೌಕಟ್ಟು ಹೊರಚೌಕಟ್ಟು ಎರಡೂ ರೆಡಿ ಮಾಡಿ, ಬಟ್ಟೆ ಹೊದಿಸಿದ್ರೆ... ಒಂದಿಂಚು ಜಾಸ್ತಿ. ಅದು ಎಂಥ ಮರ ಗೊತ್ತಾ? ಎಪ್ಪತ್ತು ವರ್ಷ ಒಣಗಿದ ಮರ, ಇದ್ದಿದ್ದೇ ಅಷ್ಟು. ಮರ ಹಾಳು ಮಾಡಿದ್ರೆ ನಮ್ಮ ಮಾವ ನನ್ನ ಚರ್ಮ ಸುಲಿದು ಅದಕ್ಕೂ ಕಟ್ಟು ಹಾಕ್ತಿದ್ರು. ಕೂತು ಯೋಚನೆ ಮಾಡಿದೆ. ಮರ ಹಿಗ್ಗಲ್ಲ, ಬಟ್ಟೆ ಮಡಚಬಹುದು. ಮೇಲ್ಗಡೆ ಒಂದಿಂಚು ಕಪ್ಪು ಹೋದ್ರೆ ಯಾರಿಗೆ ಲೆಕ್ಕ? ಬಲಗಡೆ ಆ ಹಳದಿ... ನನಗೆ ನಿಜವಾಗ್ಲೂ ಅನ್ನಿಸಿದ್ದು, ಟೀಚರಮ್ಮ ಅಲ್ಲಿ ಕುಂಚ ಒರೆಸ್ಕೊಂಡಿರಬೇಕು ಅಂತ. ಅದನ್ನ ಪಕ್ಕಕ್ಕೆ ಮಡಿಸಿದೆ, ಹತ್ತೊಂಬತ್ತು ಮೊಳೆ ಹೊಡೆದೆ, ಮೇಲೆ ಹೊರಚೌಕಟ್ಟು ಕೂರಿಸಿದೆ. ಅಂದವಾಗಿ ಕೂತಿತ್ತು. ಹೆಮ್ಮೆ ಕೂಡ ಪಟ್ಟೆ, ಕಳ್ಳನನ್ಮಗ ನಾನು.

"ಆಮೇಲೆ ಹೇಳಿಬಿಡೋಣ ಅಂತಲೇ ಇದ್ದೆ. ಪ್ರದರ್ಶನಕ್ಕೆ ಇನ್ನು ನಾಲ್ಕು ದಿನ ಇದೆ ಅನ್ನುವಾಗ ಟೀಚರಮ್ಮ ಜ್ವರ ಬಂದು ತೀರಿಕೊಂಡ್ರು. ಆಫೀಸಿನ ಪರವಾಗಿ ಹೂವು ತಗೊಂಡು ಹೋಗಿ ಇಟ್ಟು ಬಂದವನೇ ನಾನು. ಇನ್ಯಾರಿಗೆ ಹೇಳೋದು? ಬಾಯಿಗೆ ಬೀಗ ಹಾಕ್ಕೊಂಡೆ.

"ಚಿತ್ರ ಮೂರನೇ ಕೋಣೆಯ ಗೋಡೆಗೆ ಏರಿತು. ನಮ್ಮ ಡೈರೆಕ್ಟರ್ ಸಾಹೇಬ್ರು ಅದರ ಮುಂದೆ ನಿಂತ್ರು, ಗಲ್ಲ ಹಿಡ್ಕೊಂಡ್ರು, ನಿಂತೇ ಇದ್ರು. ಇದೇ, ಅಂದ್ರು. ಈ ಕತ್ತಲಿಗೆ ಬಾಗಿಲೇ ಇಲ್ಲ, ಇಲ್ಲಿಂದ ಹೊರಗೆ ಹೋಗೋ ದಾರಿಯೇ ಇಲ್ಲ, ಇದು ಈ ಶತಮಾನದ ಮನುಷ್ಯನ ಪಾಡು, ಅಂದ್ರು. ಅಂದು ಸುಮ್ನಿದ್ರಾ? ಪುಸ್ತಕ ಬರೆದ್ರು. ಇನ್ನೂರು ಪುಟ. ನಾನು ಮಡಿಸಿದ ಒಂದಿಂಚಿಗೆ ಇನ್ನೂರು ಪುಟ ಸ್ವಾಮಿ... ಎರಡಿಂಚು ಮಡಿಸಿದ್ರೆ ಕಾಗದಕ್ಕೆ ಮರ ಕಡಿಯೋಕೆ ಕಾಡೇ ಸಾಲ್ತಿರಲಿಲ್ಲ. ಬೇರೆ ಬೇರೆ ಊರಿಂದ ಜನ ಬಂದು ನೋಡಿ ನಿಟ್ಟುಸಿರು ಬಿಟ್ಟು ಹೋಗೋರು. ಸಾಹೇಬ್ರು ದೊಡ್ಡ ಮನುಷ್ಯರಾದ್ರು. ನಾನು ನೆಲಮಾಳಿಗೇಲಿ ಅಂಟು ಕಾಯಿಸ್ತಾ ಇದ್ದೆ. ಮಾವ ನಿವೃತ್ತರಾದ್ರು, ನನಗೆ ಮದುವೆ ಆಯ್ತು, ಕೆಲಸ ಮಾತ್ರ ಇನ್ನೂ ತಾತ್ಕಾಲಿಕ.

"ನಾಲ್ಕು ವರ್ಷ ಆದ್ಮೇಲೆ ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ... ದೆವ್ವ ಅಂದ್ರೆ ನಡುರಾತ್ರಿ ಬರಬೇಕು ಅಂತ ಯಾರು ಹೇಳಿದ್ರೋ, ಚಿತ್ರಶಾಲೆ ಸಮಯ ಹತ್ತರಿಂದ ಐದು, ಇವರು ಶಿಸ್ತಿನ ಟೀಚರು. ಚೌಕಟ್ಟಿನ ಮೂಲೆ ಬಿರುಕು ಬಿಟ್ಟಿದೆ ಅಂತ ನನ್ನನ್ನ ಮೇಲಕ್ಕೆ ಕರೆಸಿದ್ರು. ಹೋದೆ. ಚಿತ್ರದ ಎದುರು ಬೆಂಚಿನ ಮೇಲೆ ಕೂತಿದ್ರು. ಅದೇ ದಪ್ಪ ಕನ್ನಡಕ, ಅದೇ ಬಣ್ಣದ ಕಲೆ ಬಿದ್ದ ನಿಲುವಂಗಿ. ಯಾರೋ ಅವರ ಹಾಗೇ ಇದ್ದಾರಲ್ಲ ಅಂದ್ಕೊಂಡೆ. ಅಷ್ಟರಲ್ಲಿ ಕೊಡೆ ಹಿಡಿದ ದಢೂತಿ ಮನುಷ್ಯನೊಬ್ಬ ಬಂದು ಅವರ ಮೇಲೇ ಕೂತ. ಅವರು ಅವನ ಹೊಟ್ಟೆಯೊಳಗಿಂದ ಈಚೆ ಸರಿದು, ಸೆಕೆ ಅನ್ನೋ ಹಾಗೆ ಗಾಳಿ ಬೀಸ್ಕೊಂಡು, ನನ್ನ ಕಡೆ ತಿರುಗಿ ಕೇಳಿದ್ರು... ಬಲಗಡೆ ಎಷ್ಟು ಮಡಿಸಿದೆ?"

ಮುದುಕರು ಇಲ್ಲಿ ನಿಲ್ಲಿಸಿ ನೀರು ಕುಡಿದರು. ಏಜೆಂಟ್ "ನೀವೇನಂದ್ರಿ?" ಎಂದು ಪಿಸುಗುಟ್ಟಿದ.

"ಏನಂತಾರೆ? ಕೈಕಟ್ಟಿ ನಿಂತು, ಒಂದಿಂಚು ಮೇಡಂ, ಅಂದೆ. ಮೇಷ್ಟ್ರು ಕೇಳಿದ್ರೆ ಬಾಯಿ ತಾನಾಗೇ ನಿಜ ಹೇಳುತ್ತೆ. ಅವರು ಬೈತಾರೆ ಅಂದ್ಕೊಂಡೆ. ಬೈಲಿಲ್ಲ. ಅದು ಕುಂಚ ಒರೆಸಿದ್ದಲ್ಲ ಕಣಪ್ಪಾ, ನಮ್ಮಮ್ಮನ ಬಾಗಿಲು, ಅಂದ್ರು. ಚಿಕ್ಕೋರಿದ್ದಾಗ ಅವರ ಮನೇಲಿ ಕೋಣೆಗಳ ನಡುವೆ ಉದ್ದನೆಯ ಒಂದು ಹಾದಿ, ದೀಪ ಇಲ್ಲ, ಕಪ್ಪು ಕತ್ತಲು. ಅದರ ಕೊನೇಲಿ ಅಮ್ಮನ ಕೋಣೆ. ಏಳು ಮಕ್ಕಳು. ಎಲ್ಲರೂ ಮನೆಗೆ ಬರೋ ತನಕ ಆ ತಾಯಿ ಬಾಗಿಲು ಹಾಕ್ತಿರಲಿಲ್ಲ, ಒಬ್ಬರು ಹೊರಗಿದ್ರೂ ಇಷ್ಟೇ ಇಷ್ಟು ಸಂದು ಬಿಟ್ಟು, ದೀಪ ಉರಿಸ್ಕೊಂಡು ಕೂತಿರೋರು. ಯಾವಾಗಲೂ ಕೊನೆಗೆ ಬರೋರು ಇವರೇ, ಆಟ ಬಿಟ್ಟು ಬರೋರಲ್ಲ. ಆ ಹಳದಿ ಗೆರೆ ಕಂಡ್ರೆ ಭಯ ಹೋಗ್ತಿತ್ತಂತೆ. ಅದನ್ನೇ ಬರೆದಿದ್ದು. ಸತ್ತ ಮೇಲೆ ನೋಡ್ತಾರೆ, ಅದೇ ಹಾದೀಲಿ ನಿಂತಿದ್ದಾರೆ... ಬಾಗಿಲಿಲ್ಲ. ನಾನು ಮೊಳೆ ಹೊಡೆದಿದ್ದೀನಿ. ನಮ್ಮಮ್ಮ ಆ ಕಡೆ ಕಾಯ್ತಿರ್ತಾರೆ ಕಣಪ್ಪಾ, ನಾನು ಈ ಕಡೆ, ನಾಲ್ಕು ವರ್ಷ ಆಯ್ತು, ನೀನು ಒಂದ್ಸಲನಾದ್ರೂ ಮೇಲೆ ಬರ್ತೀಯ ಅಂತ ಕಾದೆ, ಅಂದ್ರು.

"ಅಷ್ಟರಲ್ಲಿ ಸಾಹೇಬ್ರು ಹತ್ತು ಜನರನ್ನ ಕರ್ಕೊಂಡು ಬಂದ್ರು. ಶುರುಮಾಡಿದ್ರು... ನೋಡಿ, ಇಲ್ಲಿ ಹೊರಗೆ ಹೋಗೋ ದಾರಿಯೇ ಇಲ್ಲ. ಟೀಚರಮ್ಮ ಅವರ ಕಿವಿ ಪಕ್ಕ ನಿಂತು, ಅದನ್ನೇ ನಾನೂ ಹೇಳ್ತಿರೋದು, ಅಂದ್ರು. ಸಾಹೇಬ್ರು, ಕಲಾವಿದೆ ನಮ್ಮನ್ನ ಬೇಕೂಂತಲೇ ಕತ್ತಲಲ್ಲಿ ಕೂಡಿಹಾಕಿದ್ದಾಳೆ, ಅಂದ್ರು. ನಾನಲ್ಲಪ್ಪಾ ಇವನು, ಅಂತ ಟೀಚರಮ್ಮ ನನ್ನ ಕಡೆ ಬೆರಳು ತೋರಿಸಿದ್ರು. ಯಾರಿಗೂ ಕೇಳಿಸ್ತಿಲ್ಲ, ಯಾರಿಗೂ ಕಾಣಿಸ್ತಿಲ್ಲ. ಮೊಳೆ ಹೊಡೆದವನಿಗೆ ಮಾತ್ರ ಕಾಣೋದು ಅಂತ ಕಾಣುತ್ತೆ.

"ಜನ ಹೋದ ಮೇಲೆ ಸಾಹೇಬ್ರು ನನ್ನ ಹೆಗಲ ಮೇಲೆ ಕೈ ಹಾಕಿದ್ರು. ಎರಡು ಸುದ್ದಿ ಹೇಳಿದ್ರು. ಒಂದು, ನನ್ನ ಕೆಲಸ ಖಾಯಂ ಮಾಡೋ ಕಾಗದ ಅವರ ಮೇಜಿಗೆ ಬಂದಿದೆ, ಮುಂದಿನ ವಾರ ಸಹಿ. ಇನ್ನೊಂದು, ಈ ಚಿತ್ರ ಹೊರದೇಶದ ಪ್ರದರ್ಶನಕ್ಕೆ ಹೋಗುತ್ತೆ, ಅಲ್ಲಾಡಬಾರದು, ಸೋಮವಾರ ರಜಾ ದಿನ ನೋಡಿ ಹಿಂದೆ ದಪ್ಪ ಹಲಗೆ ಇಟ್ಟು, ಅಂಚೆಲ್ಲಾ ಸೇರಿಸಿ ಅಂಟಿಸಿಬಿಡು, ಅಂದ್ರು. ಆ ಅಂಟು ನಿಮಗೆ ಗೊತ್ತಿಲ್ಲ. ಒಮ್ಮೆ ಒಣಗಿದ್ರೆ ಕಲ್ಲು. ಆಮೇಲೆ ಆ ಇಂಚು ಪ್ರಳಯ ಆದ್ರೂ ಬಿಚ್ಚೋದಿಲ್ಲ. ಟೀಚರಮ್ಮ ಕೇಳಿಸ್ಕೊಂಡ್ರು. ಬೆಂಚಿನ ತುದೀಲಿ ಹೋಗಿ ಕೂತ್ಕೊಂಡ್ರು, ಬಸ್ ತಪ್ಪಿದೋರ ಹಾಗೆ.

"ಬಿಚ್ಚಿದ್ರೆ ಸಾಹೇಬ್ರ ಪುಸ್ತಕ ಸುಳ್ಳಾಗುತ್ತೆ, ನನ್ನ ಕಾಗದ ಹರಿದುಹೋಗುತ್ತೆ. ಅಂಟಿಸಿದ್ರೆ ಆಯಮ್ಮ ಶಾಶ್ವತವಾಗಿ ಕತ್ತಲಲ್ಲಿ. ಮನೆಗೆ ಬಂದೆ, ಊಟ ಸೇರಲಿಲ್ಲ, ಹೆಂಡತಿಗೆ ಎಲ್ಲಾ ಹೇಳ್ದೆ. ಇವಳ ಅಜ್ಜಿ ಮೊದಲು ಕೇಳಿದ್ದೇನು ಗೊತ್ತಾ... ದೆವ್ವಕ್ಕೆ ವಯಸ್ಸೆಷ್ಟು? ಐವತ್ತೈದು ಅಂದೆ. ನೀವು ಒಂದು ಕಳೆದು ಹೇಳ್ತಿದ್ದೀರಾ ಅಂದ್ಲು. ಆಮೇಲೆ ಹಾಸಿಗೆ ಹಾಸ್ತಾ, ಆ ತಾಯಿ ಆ ಕಡೆ ಕಾಯ್ತಿದ್ದಾಳೆ ಅಂದ್ರಲ್ಲ, ಅದು ನಿಜಾನಾ, ಅಂದ್ಲು. ಹೂಂ ಅಂದೆ. ಹಾಗಾದ್ರೆ ಅದರಲ್ಲಿ ಯೋಚನೆ ಮಾಡೋದೇನಿದೆ, ಒಬ್ಬ ತಾಯಿನ ಕಾಯಿಸಿ ಬರೋ ಖಾಯಂ ಸಂಬಳ ನನಗೆ ಬೇಡ, ಅಂದ್ಲು. ಹೇಳಿ ನಿದ್ದೆ ಹೋದ್ಲು. ನನ್ನ ನಿದ್ದೆ ಕೆಡಿಸಿ ತಾನು ಮಾತ್ರ ಗೊರಕೆ ಹೊಡೆದ್ಲು.

"ಒಳಚೌಕಟ್ಟನ್ನ ಒಂದಿಂಚು ಹಿಗ್ಗಿಸಬೇಕು, ಐದಡಿ ಉದ್ದದ ನೇರವಾದ ಪಟ್ಟಿ ಬೇಕು. ಉಗ್ರಾಣದಲ್ಲಿ ಕೇಳಿದ್ರೆ ಯಾಕೆ ಅಂತಾರೆ. ಕೊನೆಗೆ ನಮ್ಮ ಮದುವೆ ಮಂಚದ ಪಕ್ಕದ ಪಟ್ಟಿ ಕಿತ್ತು ಸೀಳಿದೆ. ಆಮೇಲೆ ಎರಡು ವರ್ಷ ನೆಲದ ಮೇಲೇ ಮಲಗಿದ್ವಿ, ಅದರ ಬಗ್ಗೆ ಇವಳ ಅಜ್ಜಿ ಸಾಯೋ ತನಕ ಹೇಳ್ತಾನೇ ಇದ್ಲು... ಸೋಮವಾರ ಬೆಳಿಗ್ಗೆ ಹೋದೆ. ಚಿತ್ರ ಇಳಿಸಿ, ಮಗುಚಿ, ಮೊಳೆ ಕೀಳೋಕೆ ಕೂತೆ. ಟೀಚರಮ್ಮ ತಲೆ ಮೇಲೇ ನಿಂತಿದ್ರು. ನಿಧಾನ, ಬಟ್ಟೆ ಎಳೀಬೇಡ, ಇಕ್ಕಳ ಓರೆ ಹಿಡಿ... ಬದುಕಿದ್ದಾಗ ಒಂದೇ ಮಾತು ಹೇಳಿದ್ದವರು, ಸತ್ತ ಮೇಲೆ ಉಪದೇಶಕ್ಕೆ ಬಿಡುವೇ ಇಲ್ಲ. ನೀವೇ ಕೀಳಿ ಮೇಡಂ ಹಾಗಾದ್ರೆ, ಅಂದುಬಿಟ್ಟೆ, ನನಗೂ ಸಿಟ್ಟು ಬರುತ್ತಲ್ಲ. ಕೈ ಇದ್ದಿದ್ರೆ ನಿನ್ನ ಹತ್ರ ಯಾಕೆ ಬರ್ತಿದ್ದೆ, ಅಂದ್ರು. ಇಕ್ಕಳ ಓರೆ ಹಿಡಿದೆ.

"ಹತ್ತೊಂಬತ್ತು ಮೊಳೆ. ಪಟ್ಟಿ ಕೂರಿಸಿ, ಬಟ್ಟೆ ಬಿಡಿಸಿ, ಹೊಸದಾಗಿ ಬಿಗಿದು, ಹೊರಚೌಕಟ್ಟಿನ ಮೇಲೆ ಕೆಳಗೆ ಒಂದೊಂದು ತುಂಡು ಸೇರಿಸಿ, ಗೋಡೆಗೆ ಏರಿಸೋ ಹೊತ್ತಿಗೆ ಮೂರು ಗಂಟೆ. ಹಿಂದೆ ಸರಿದು ನೋಡಿದೆ... ಏನು ಹೇಳ್ಲಿ ನಿಮಗೆ. ನಾಲ್ಕು ವರ್ಷ ತಳ ಹತ್ತಿದ ಪಾತ್ರೆ ಅಂದ್ಕೊಂಡಿದ್ದೆನಲ್ಲ, ಅದು ಒಂದು ಮನೆ. ಆ ಹಳದಿ ಇದ್ದಿದ್ದಕ್ಕೆ ಅಷ್ಟೂ ಕಪ್ಪು ಹಾದಿಯಾಯ್ತು, ಗೋಡೆಯಾಯ್ತು, ಯಾರೋ ಎದ್ದು ಕೂತಿದ್ದಾರೆ ಅಂತ ಗೊತ್ತಾಯ್ತು. ಮಡಿಸಿದ ಕಡೆ ಉದ್ದಕ್ಕೂ ಸಣ್ಣ ಬಿರುಕು ಬಿದ್ದಿತ್ತು. ಕ್ಷಮಿಸಿ ಮೇಡಂ ಅಂದೆ. ಇರಲಿ ಬಿಡು, ಹಳೇ ಮನೆ ಬಾಗಿಲು, ಬಿರುಕು ಇದ್ದಿದ್ದೇ, ಅಂದ್ರು. ಕನ್ನಡಕ ಒರೆಸ್ಕೊಂಡ್ರು. ಕಾಲಿನ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡ್ಕೊಂಡ್ರು, ತಡವಾಗಿ ಬಂದ ಮಕ್ಕಳು ಸದ್ದಾಗಬಾರದು ಅಂತ ಹಿಡ್ಕೋತಾರಲ್ಲ, ಹಾಗೆ. ಅಡ್ಡ ತಿರುಗಿದ್ರು, ಉಸಿರು ಬಿಗಿ ಹಿಡಿದ್ರು, ನುಸುಳಿದ್ರು. ಹೋದ್ರು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ನಾಚಿಕೆ ಏನಿಲ್ಲ ಹೇಳೋಕೆ."

ನರ್ಸಮ್ಮ ಫೋಟೊವನ್ನು ಎದೆಗೆ ಒತ್ತಿಕೊಂಡು ಕೂತಿದ್ದರು. "ಮತ್ತೆ ನಿಮ್ಮ ಕೆಲಸ?" ಎಂದು ಕೇಳಿದರು.

"ನಾಲ್ಕಕ್ಕೆ ಸಾಹೇಬ್ರು ಬಂದ್ರು. ನೋಡಿದ್ರು. ಬಣ್ಣ ಯಾರು ಬಳಿದಿದ್ದು, ಅಂದ್ರು. ಟೇಪಿನ ಕತೆ ಪೂರ್ತಿ ಹೇಳ್ದೆ. ಹೇಳ್ತಾ ಹೇಳ್ತಾ ಅವರ ಮುಖ ಇಳೀತು, ಇನ್ನೂರು ಪುಟ, ಇನ್ನೂರು ಪುಟ, ಅಂತ ಬೆಂಚಿನ ಮೇಲೆ ಕುಸಿದ್ರು. ಪಾಪ ಅನ್ನಿಸ್ತು. ಸ್ವಲ್ಪ ಹೊತ್ತಾದ ಮೇಲೆ, ಈ ವಿಷಯ ಇನ್ಯಾರಿಗೆ ಗೊತ್ತು, ಅಂದ್ರು. ನನ್ನ ಹೆಂಡತಿಗೆ, ಅಂದೆ. ಕಣ್ಮುಚ್ಚಿದ್ರು. ಆದ್ರೆ ದೊಡ್ಡ ಮನುಷ್ಯರು ದೊಡ್ಡ ಮನುಷ್ಯರೇ... ಆರು ತಿಂಗಳಲ್ಲಿ ಇನ್ನೊಂದು ಪುಸ್ತಕ ಬಂತು, ಮುನ್ನೂರು ಪುಟ. ಕತ್ತಲ ಅಂಚಿನಲ್ಲಿ ಅಡಗಿದ್ದ ಬೆಳಕನ್ನ ತಾವು ಹೇಗೆ ವರ್ಷಗಟ್ಟಲೆ ಧ್ಯಾನ ಮಾಡಿ ಕಂಡುಹಿಡಿದ್ರು ಅಂತ. ನಾನು ಟೇಪಿನ ವಿಷಯ ಎತ್ತಲಿಲ್ಲ, ಅವರು ನನ್ನ ಕಾಗದಕ್ಕೆ ಸಹಿ ಮಾಡಿದ್ರು. ಖಾಯಂ ಮಾಡೋಕೆ ಕಾರಣ ಬರೀಬೇಕಲ್ಲ, ಅದರಲ್ಲಿ ಬರೆದಿದ್ರು... ಅಳತೆಯಲ್ಲಿ ಅಪಾರ ನಿಖರತೆ."

ಎಲ್ಲರೂ ನಕ್ಕೆವು. ಏಜೆಂಟನೂ ನಕ್ಕು, ಎದ್ದು ನಿಂತು, ಅಂಗಿ ಕೊಡವಿಕೊಂಡ. "ಅಂತೂ ದೆವ್ವ ಊರು ಸೇರ್ತು. ಅಲ್ಲಿಗೆ ಮುಗೀತು."

"ಟೀಚರಮ್ಮ ಸೇರಿದ್ರು" ಎಂದರು ಮುದುಕರು. "ಮುಗೀತು ಅಂತ ಯಾರು ಹೇಳಿದ್ರು?"

ಅವರು ಇನ್ನೊಂದು ಸೊಟ್ಟ ಮೊಳೆ ಎತ್ತಿಕೊಂಡರು. ತಟ್ಟಲಿಲ್ಲ.

"ನನಗೆ ಒಂದೇ ಒಂದು ವಿಷಯ ಬಗೆಹರೀಲಿಲ್ಲ. ಕೊನೇ ಮಗಳು ಒಳಗೆ ಹೋದ್ಲು. ಏಳೂ ಮಕ್ಕಳು ಸೇರಿದ ಮೇಲೆ ಆ ತಾಯಿ ದೀಪ ಆರಿಸಿ ಬಾಗಿಲು ಹಾಕಬೇಕಿತ್ತಲ್ಲ... ಹಾಕಲಿಲ್ಲ. ಮಾರನೇ ದಿನ ನೋಡ್ತೀನಿ, ಹಳದಿ ಹಾಗೇ ಇದೆ. ಸರಿ, ಬಣ್ಣ ಅಲ್ವಾ, ಎಲ್ಲಿಗೆ ಹೋಗುತ್ತೆ ಅಂದ್ಕೊಂಡೆ. ವರ್ಷಕ್ಕೊಂದು ಸಲ ಹೋಗಿ ನೋಡೋದು ಅಭ್ಯಾಸ ಆಯ್ತು. ನಾನು ಬಿಡಿಸಿದ್ದು ಒಂದಿಂಚು. ನಿವೃತ್ತಿ ಆಗೋ ಹೊತ್ತಿಗೆ ಎರಡಾಗಿತ್ತು. ಬಟ್ಟೆ ಬೆಳೆದಿಲ್ಲ, ಚೌಕಟ್ಟು ಅಷ್ಟೇ ಇದೆ, ಕಪ್ಪು ಕಡಿಮೆ ಆಗಿದೆ. ಕಣ್ಣು ಮಂಜಾಗಿದೆ ಅಜ್ಜಾ ನಿಮಗೆ ಅಂತ ಇವಳು ನಗೋಳು. ಹೋದ ತಿಂಗಳು ಇವಳನ್ನೇ ಕರ್ಕೊಂಡು ಹೋಗಿ, ನೀನೇ ಅಳೆಯಮ್ಮ ಅಂದೆ. ಹೇಳು, ಎಷ್ಟು ಬಂತು?"

ಹುಡುಗಿ ಗಾಜು ಕೊಯ್ಯುವುದನ್ನು ನಿಲ್ಲಿಸಿದ್ದಳು. "ಒಂಬತ್ತು" ಎಂದಳು. ಈ ಸಲ ನಗಲಿಲ್ಲ.

"ಒಂಬತ್ತಿಂಚು. ಸಣಕಲು ಮನುಷ್ಯ ಅಡ್ಡ ತಿರುಗಿದ್ರೆ ಧಾರಾಳವಾಗಿ ಹಿಡಿಸ್ತಾನೆ. ಇವಳು ಕಾವಲುಗಾರನ ಹತ್ರ ಮಾತಾಡೋಕೆ ಅತ್ತ ಹೋದಾಗ ನಾನು ಹತ್ತಿರ ಹೋದೆ. ಬಿಸಿಲಲ್ಲಿಟ್ಟ ಬಟ್ಟೆ ಹಾಗೆ ಬೆಚ್ಚಗಿತ್ತು. ಒಳಗಿಂದ ಒಂದು ಹೆಂಗಸಿನ ದನಿ... ಟೀಚರಮ್ಮಂದಲ್ಲ, ಅದಕ್ಕಿಂತ ವಯಸ್ಸಾಗಿದ್ದು, ನಿದ್ದೆಗಣ್ಣಿನದು. ಹೊರಗಡೆ ಇನ್ನೂ ಯಾರಾದ್ರೂ ಇದ್ದೀರೇನ್ರಪ್ಪಾ, ಅಂತು. ಸುಳ್ಳು ಹೇಳೋಕಾಗುತ್ತಾ, ಅಷ್ಟು ವಯಸ್ಸಾದೋರಿಗೆ? ಇದ್ದಾರಮ್ಮ, ತುಂಬಾ ಜನ ಇದ್ದಾರೆ, ಅಂದೆ.

"ಸರಿ ಹಾಗಾದ್ರೆ, ಎಲ್ಲರೂ ಬರೋ ತನಕ ತೆಗೆದೇ ಇಟ್ಟಿರ್ತೀನಿ, ಅಂದ್ರು."